ಪೊರೆ ಕಳಚುವಾಗ ಸಾಯುವ ಕ್ರೇಫಿಶ್: ದೋಷ ಹುಡುಕುವ ಬಗೆ

ನಮ್ಮ ಮನೆಯ ಅಕ್ವೇರಿಯಂನಲ್ಲಿ ಐದು ತಿಂಗಳಲ್ಲಿ ಮೂರು ಕ್ರೇಫಿಶ್ ಸತ್ತವು. ಕ್ರೇಫಿಶ್ ಅಂದರೆ ಸಿಗಡಿ, ಏಡಿಗಳ ಬಳಗದ, ಇಕ್ಕಳವಿರುವ ಸಿಹಿನೀರಿನ ಪ್ರಾಣಿ; ಬೆಳೆಯಲು ಆಗಾಗ ಹಳೆಯ ಚಿಪ್ಪನ್ನು, ಅಂದರೆ ಪೊರೆಯನ್ನು, ಕಳಚುತ್ತದೆ. ಮೂರೂ ಫ್ಲಾರಿಡಾದ ನೀಲಿ ಜಾತಿ, ಪ್ರೊಕಾಂಬಾರಸ್ ಅಲೆನಿ. ಮೂರೂ ಸತ್ತದ್ದು ಒಂದೇ ರೀತಿ: ಹಳೆಯ ಚಿಪ್ಪಿನಿಂದ ಅರ್ಧ ಹೊರಗೆ ಬಂದು, ಉಳಿದರ್ಧ ಬರಲಾಗದೆ. ಮೂರನೆಯದು ನನ್ನ ಕಣ್ಣೆದುರೇ ಮೊಟ್ಟೆ ಹೊತ್ತು ಮರಿ ಮಾಡಿದ್ದ ಹೆಣ್ಣು. ಅದು ಹೋದ ರಾತ್ರಿ, ಕಾರಣ ಗೊತ್ತಾಗುವವರೆಗೆ ಇನ್ನೊಂದು ಜೀವ ತರುವುದಿಲ್ಲ ಅಂತ ನಿರ್ಧಾರ ಮಾಡಿದೆ. ಕಾರಣ ಸಿಕ್ಕಿತು. ನಮ್ಮ ಅಪಾರ್ಟ್‌ಮೆಂಟಿನ ನಲ್ಲಿ ನೀರಿನಲ್ಲೇ ಇತ್ತು, ಆದರೆ ಕೈಯಲ್ಲಿದ್ದ ಮೀಟರಿಗೆ ಕಾಣುವಂಥದ್ದಾಗಿರಲಿಲ್ಲ. ಬೆಂಗಳೂರಿನಂಥ ಊರಿನಲ್ಲಿ ಕ್ರೇಫಿಶ್ ಸಾಕುವ ಬೇರೆಯವರಿಗೂ ಇದೇ ತೊಂದರೆ ಬರಬಹುದು. ಅದಕ್ಕೇ ನಾನು ಯಾವುದರ ನಂತರ ಯಾವುದನ್ನು ನೋಡಿದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಸತ್ತಿದೆಯೋ, ಪೊರೆ ಬಿಟ್ಟಿದೆಯೋ

ಬೆಳಿಗ್ಗೆ ನೋಡಿದರೆ ತಳದಲ್ಲಿ ಕ್ರೇಫಿಶ್ ಅಲುಗಾಡದೆ ಬಿದ್ದಿದೆ. ಕೈ ಹಾಕಬೇಡಿ, ಮೊದಲು ಟಾರ್ಚ್ ಬಿಟ್ಟು ನೋಡಿ. ಬರೀ ಪೊರೆಯಾದರೆ ಬೆಳಕು ಅದರೊಳಗಿಂದ ಹಾದು ಬರುತ್ತದೆ. ಬೆನ್ನಿನ ಚಿಪ್ಪು ಮುಗಿದು ಬಾಲ ಶುರುವಾಗುವ ಕಡೆ ಅಡ್ಡಕ್ಕೆ ಬಾಯಿ ತೆರೆದಿರುತ್ತದೆ. ಕಣ್ಣಿದ್ದ ಜಾಗದಲ್ಲೂ ಗಾಜಿನಂಥ ಟೊಪ್ಪಿ ಮಾತ್ರ ಇರುತ್ತದೆ. ಮೀಸೆ, ಕಿವಿರಿನ ಹೊದಿಕೆ, ಹೊಟ್ಟೆಯ ಒಳಪದರ ಸಹ ಪೊರೆಯ ಜೊತೆಗೇ ಕಳಚಿ ಬರುತ್ತವೆ. ಹಾಗಾಗಿ ಇಡೀ ಪ್ರಾಣಿಯೇ ಬಿದ್ದಿದೆ ಅನ್ನಿಸುತ್ತದೆ. ನಿಜವಾದದ್ದು ಅಲ್ಲೇ ಯಾವುದೋ ಪೈಪಿನೊಳಗೋ ಕಲ್ಲಿನ ಹಿಂದೆಯೋ ಮೆತ್ತಗಾಗಿ ಅಡಗಿ ಕೂತಿರುತ್ತದೆ.

ಆ ಪೊರೆಯನ್ನು ತೆಗೆದು ಬಿಸಾಡಬೇಡಿ. ಒಂದೆರಡು ದಿನದಲ್ಲಿ ಅದು ತನ್ನ ಪೊರೆಯನ್ನು ತಾನೇ ತಿನ್ನುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಹೊಸ ಚಿಪ್ಪಿಗೆ ಬೇಕು. ಸತ್ತದ್ದಾದರೆ ಮೈ ಒಳಗೆ ಹಾಲು ಬೆರೆಸಿದಂತೆ ಮಂಕಾಗಿ, ಕೆಲವೇ ಗಂಟೆಗಳಲ್ಲಿ ಕೆಟ್ಟ ವಾಸನೆ ಬರುತ್ತದೆ. ಅದನ್ನು ಮಾತ್ರ ತಕ್ಷಣ ತೆಗೆಯಬೇಕು. ಇಲ್ಲದಿದ್ದರೆ ನೀರಿಗೆ ಅಮೋನಿಯ ಇಳಿಯುತ್ತದೆ.

ಮಗುಚಿ ಬಿದ್ದು ಕಾಲು ಬಡಿಯುತ್ತಿದ್ದರೆ

ಪೊರೆ ಬಿಡುವ ಮುಂಚೆಯೂ ಕ್ರೇಫಿಶ್ ಪಕ್ಕಕ್ಕೋ ಬೆನ್ನ ಮೇಲೋ ಮಲಗುತ್ತದೆ. ಆದರೆ ಆಗ ಅದರ ಚಲನೆ ನಿಧಾನ: ಕಾಲುಗಳು ಮೆಲ್ಲಗೆ, ಒಂದು ಲಯದಲ್ಲಿ ಆಡುತ್ತವೆ. ವಿಷ ತಗುಲಿದ್ದು ಹಾಗಲ್ಲ. ಬಾಲ ಪಟಪಟನೆ ಹೊಡೆದುಕೊಳ್ಳುತ್ತದೆ, ಕಾಲುಗಳು ನಡುಗುತ್ತವೆ, ಎದ್ದು ನಿಂತರೂ ಮತ್ತೆ ಮಗುಚುತ್ತದೆ. ಒಂದು ಸಲ ನೋಡಿದರೆ ಎರಡರ ವ್ಯತ್ಯಾಸ ಮರೆಯುವುದಿಲ್ಲ.

ನಮ್ಮ ಮನೆಗಳಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಸೊಳ್ಳೆ ಔಷಧ. ಕಾಯಿಲ್, ಲಿಕ್ವಿಡ್, ಸ್ಪ್ರೇ, ಜಿರಳೆಗೆ ಹೊಡೆಯುವ ಔಷಧ, ಇವುಗಳಲ್ಲಿ ಸಾಮಾನ್ಯವಾಗಿರುವುದು ಪೈರೆಥ್ರಾಯ್ಡ್ ಜಾತಿಯ ವಿಷ. ಮನುಷ್ಯರಿಗೆ ಅಷ್ಟಾಗಿ ತಟ್ಟದ ಪ್ರಮಾಣವೇ ಏಡಿ, ಸಿಗಡಿ, ಕ್ರೇಫಿಶ್‌ಗಳನ್ನು ಕೊಲ್ಲಬಲ್ಲದು. ತೊಟ್ಟಿಗೆ ಮುಚ್ಚಳ ಹಾಕಿದ್ದೇವೆ ಅಂದುಕೊಂಡರೂ ಏರ್ ಪಂಪ್ ಕೋಣೆಯ ಗಾಳಿಯನ್ನು ಎಳೆದು ನೇರ ನೀರಿಗೇ ಊದುತ್ತಿರುತ್ತದೆ ಅನ್ನುವುದು ನೆನಪಿರಲಿ. ಸಂಜೆ ಲಿಕ್ವಿಡ್ ಹಚ್ಚಿ ರಾತ್ರಿ ಒಂಬತ್ತಕ್ಕೆ ಕ್ರೇಫಿಶ್ ಮಗುಚಿದ್ದರೆ ಬೇರೆ ಕಾರಣ ಹುಡುಕುತ್ತಾ ಕೂರಬೇಡಿ. ಅದನ್ನು ಬೇರೆ ಬಕೆಟ್ಟಿಗೆ ಹಾಕಿ. ಆ ನೀರು ಕ್ಲೋರಿನ್ ಇಲ್ಲದ, ಅದೇ ಉಷ್ಣತೆಯ ನೀರಾಗಿರಲಿ. ಪಂಪನ್ನು ಬೇರೆ ಕೋಣೆಯಲ್ಲಿಟ್ಟು ಉದ್ದನೆ ಪೈಪು ಎಳೆಯಿರಿ. ತೊಟ್ಟಿಯ ಅರ್ಧ ನೀರು ಬದಲಿಸಿ, ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ.

ಇದೇ ಲಕ್ಷಣ ಬೇರೆ ದಾರಿಗಳಿಂದಲೂ ಬರಬಹುದು. ಮಾರುಕಟ್ಟೆಯ ಪಾಲಕ್‌ನಲ್ಲಿ ಉಳಿದ ಕೀಟನಾಶಕ ಒಂದು, ನರ್ಸರಿಯಿಂದ ತಂದು ನೇರ ನೆಟ್ಟ ಗಿಡ ಇನ್ನೊಂದು. ತಾಮ್ರದ ಬಗ್ಗೆ ಮಾತ್ರ ಒಂದು ಮಾತು ಹೆಚ್ಚಾಗಿ ಹೇಳಬೇಕು. ಮೀನುಗಳ ಬಿಳಿ ಚುಕ್ಕೆ ರೋಗಕ್ಕೆ ಕೊಡುವ ಕೆಲವು ಔಷಧಗಳಲ್ಲಿ ತಾಮ್ರ ಇರುತ್ತದೆ. ಈ ಜೀವಿಗಳಿಗೆ ಅದು ಆಗುವುದೇ ಇಲ್ಲ. ಕುಡಿಯಲು ರಾತ್ರಿಯಿಡೀ ತಾಮ್ರದ ಬಿಂದಿಗೆಯಲ್ಲಿಟ್ಟ ನೀರು ನಮಗೆ ಒಳ್ಳೆಯದೆಂದು ಇವುಗಳಿಗೂ ಸುರಿಯಬಾರದು.

ಮಗುಚದೆ, ಆದರೆ ಫಿಲ್ಟರಿನ ಮೇಲೇರಿ ಮೈಯ ಒಂದು ಪಕ್ಕವನ್ನು ನೀರಿನ ಮೇಲೆ ಹಿಡಿದುಕೊಂಡು ಮಲಗಿದ್ದರೆ ಅದು ಆಮ್ಲಜನಕದ ಕೊರತೆ. 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಏಪ್ರಿಲ್ ತಿಂಗಳ ಮಧ್ಯಾಹ್ನ ಕರೆಂಟು ಹೋದಾಗ ಇದು ಆಗುತ್ತದೆ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ಅದಕ್ಕಿಂತ ಮುಖ್ಯವಾಗಿ, ಹೀಗೆ ಮೇಲೇರಿದ ಕ್ರೇಫಿಶ್ ಪೈಪು, ವೈರು ಹಿಡಿದು ತೊಟ್ಟಿಯಿಂದಲೇ ಹೊರಗೆ ನಡೆದುಬಿಡುತ್ತದೆ. ಮುಚ್ಚಳದಲ್ಲಿ ವೈರಿಗೆಂದು ಬಿಟ್ಟ ಸಂದಿಯನ್ನೂ ಸ್ಪಂಜಿನಿಂದ ಮುಚ್ಚಿ.

ಅರ್ಧ ಕಳಚಿದ ಪೊರೆ

ಇನ್ನು ನನ್ನ ಮೂರು ಸಾವುಗಳ ವಿಷಯ.

ಪೊರೆ ಬಿಡುವ ಮುಂಚೆ ಒಂದೆರಡು ದಿನದಿಂದ ವಾರದವರೆಗೆ ಕ್ರೇಫಿಶ್ ಊಟ ಬಿಡುತ್ತದೆ, ಬಣ್ಣ ಮಂಕಾಗುತ್ತದೆ, ಹೊರಗೆ ಬರುವುದಿಲ್ಲ. ಬೆನ್ನಿನ ಚಿಪ್ಪಿಗೂ ಬಾಲಕ್ಕೂ ನಡುವೆ ಸಣ್ಣ ಸೀಳು ಕಾಣತೊಡಗುತ್ತದೆ. ಹೊತ್ತು ಬಂದಾಗ ಆ ಸೀಳಿನಿಂದ ಬೆನ್ನು ಮೇಲೇಳುತ್ತದೆ, ತಲೆ ಕಾಲುಗಳು ಹಿಂದಕ್ಕೆ ಜಾರಿ ಬರುತ್ತವೆ, ಕೊನೆಗೆ ಬಾಲ ಒಂದೇ ಒದೆತದಲ್ಲಿ ಬಿಡಿಸಿಕೊಳ್ಳುತ್ತದೆ. ಎಲ್ಲ ಸರಿಯಿದ್ದರೆ ಕೆಲವೇ ನಿಮಿಷಗಳ ಕೆಲಸ. ಅದರಲ್ಲಿ ಅತಿ ಕಷ್ಟದ ಭಾಗ ಇಕ್ಕಳದ್ದು. ಇಕ್ಕಳದ ಒಳಗಿನ ದಪ್ಪ ಮಾಂಸ ಸಣ್ಣಗಾಗಿ, ಬುಡದ ಕಿರಿದಾದ ಕೀಲಿನೊಳಗಿಂದ ನುಸುಳಿ ಬರಬೇಕು.

ನನ್ನ ಹೆಣ್ಣು ಸಿಕ್ಕಿಹಾಕಿಕೊಂಡದ್ದು ಅಲ್ಲೇ. ರಾತ್ರಿ ಹನ್ನೊಂದೂವರೆಗೆ ಬೆನ್ನು ಎದ್ದಿತ್ತು. ಒಂದು ಗಂಟೆಗೂ ಎರಡೂ ಇಕ್ಕಳ ಹಳೆ ಚಿಪ್ಪಿನೊಳಗೇ ಇದ್ದವು. ಎಳೆದು ಬಿಡಿಸೋಣ ಅನ್ನಿಸಿತು, ಎಳೆಯಲಿಲ್ಲ. ನೀವೂ ಎಳೆಯಬೇಡಿ. ಆ ಹೊತ್ತಿನಲ್ಲಿ ಅದರ ಮೈ ನೆನೆದ ಕಾಗದದಷ್ಟು ಮೆತ್ತಗಿರುತ್ತದೆ. ಗಾಳಿ ಹೆಚ್ಚಿಸಿ, ದೀಪ ಆರಿಸಿ, ಬಿಟ್ಟುಬಿಡಿ. ಕೆಲವು ತಾವೇ ಇಕ್ಕಳವನ್ನು ಕಳಚಿಕೊಂಡು ಬದುಕುತ್ತವೆ. ಹೋದ ಇಕ್ಕಳ ಮುಂದಿನ ಎರಡು ಮೂರು ಪೊರೆಗಳಲ್ಲಿ ಮತ್ತೆ ಬೆಳೆಯುತ್ತದೆ. ನನ್ನದು ಬೆಳಗಿನ ಜಾವಕ್ಕೆ ಉಸಿರು ನಿಲ್ಲಿಸಿತು.

ಅದನ್ನು ಹಾಗೇ ಮಣ್ಣಿಗೆ ಹಾಕಲು ಮನಸ್ಸಾಗಲಿಲ್ಲ. ಚಿಮ್ಮಟ ಹಿಡಿದು ತಲೆಯ ಹಿಂದೆ ಹೊಟ್ಟೆಯ ಚೀಲ ಬಿಡಿಸಿ ನೋಡಿದೆ. ಒಳಗೆ ಬಿಳಿಯ ಎರಡು ಬಿಲ್ಲೆ ಸಿಕ್ಕವು. ತೊಗರಿ ಬೇಳೆಯಷ್ಟು ಗಾತ್ರ, ಆಕಾರವೂ ಅದೇ: ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಗ್ಯಾಸ್ಟ್ರೋಲಿತ್ ಅನ್ನುವುದು ಇದನ್ನೇ. ಪೊರೆ ಬಿಡುವ ಮುಂಚೆ ಹಳೆ ಚಿಪ್ಪಿನ ಕ್ಯಾಲ್ಸಿಯಂನಲ್ಲಿ ಒಂದಿಷ್ಟನ್ನು ರಕ್ತದ ಮೂಲಕ ತಂದು ಹೊಟ್ಟೆಯ ಗೋಡೆಯಲ್ಲಿ ಹೀಗೆ ಕೂಡಿಟ್ಟುಕೊಳ್ಳುತ್ತದೆ. ಪೊರೆ ಬಿಟ್ಟ ಮೇಲೆ ಬಿಲ್ಲೆ ಕರಗಿ ಮೊದಲು ಬಾಯಿಯ ಭಾಗಗಳು ಗಟ್ಟಿಯಾಗುತ್ತವೆ. ಹಿಂದೆ ಯುರೋಪಿನಲ್ಲಿ ಇವನ್ನು ‘ಏಡಿಯ ಕಣ್ಣು’ ಅಂತ ಕರೆದು ಔಷಧಿಯಾಗಿ ಮಾರುತ್ತಿದ್ದರಂತೆ. ಆದರೆ ಇಡೀ ಚಿಪ್ಪಿಗೆ ಈ ಎರಡು ಬಿಲ್ಲೆ ಏನೇನೂ ಸಾಲದು. ಉಳಿದದ್ದು ತಿಂದ ಪೊರೆಯಿಂದ, ಎಲ್ಲಕ್ಕಿಂತ ಹೆಚ್ಚಾಗಿ ಕಿವಿರಿನ ಮೂಲಕ ನೀರಿನಿಂದಲೇ ಬರಬೇಕು. ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಪ್ರತಿ ಪೊರೆಯಲ್ಲೂ ಪ್ರಾಣಿ ಸ್ವಲ್ಪ ಸ್ವಲ್ಪ ಸಾಲದಲ್ಲಿ ಬೀಳುತ್ತಾ ಹೋಗುತ್ತದೆ.

ಟಿಡಿಎಸ್ ಮೀಟರ್ ನೋಡಿ ಮೋಸಹೋದದ್ದು

ನಾನು ನೀರನ್ನು ಪರೀಕ್ಷಿಸದೆ ಇರಲಿಲ್ಲ. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20, ಪಿಎಚ್ 8.2, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ) 480. ನಮ್ಮದು ಬೋರ್‌ವೆಲ್ ನೀರು. 480 ಟಿಡಿಎಸ್ ಇದ್ದ ಮೇಲೆ ಗಡಸು ನೀರೇ, ಕ್ಯಾಲ್ಸಿಯಂ ಬೇಕಾದಷ್ಟಿದೆ ಅಂತ ನಂಬಿದ್ದೆ.

ಸುಳಿವು ಸಿಕ್ಕಿದ್ದು ಅಡುಗೆಮನೆಯಲ್ಲಿ. ಅಮ್ಮ ಒಂದು ದಿನ, “ಈಗೀಗ ಬೇಳೆ ಎರಡೇ ವಿಷಲ್‌ಗೆ ಬೆಣ್ಣೆ ಥರ ಬೇಯ್ತಿದೆ ಕಣೋ. ಮುಂಚೆ ಸೋಡ ಹಾಕಿದ್ರೂ ಗಟ್ಟಿ ಗಟ್ಟಿ ಇರ್ತಿತ್ತು” ಅಂದರು. “ಸ್ನಾನಕ್ಕೆ ಹೋದ್ರೆ ಸೋಪು ಮಾತ್ರ ಎಷ್ಟು ತೊಳೆದ್ರೂ ಮೈಮೇಲೆ ಜಾರ್ತಾನೇ ಇರುತ್ತೆ.” ಬೋರ್ ನೀರಲ್ಲಿ ಬೇಳೆ ಬೇಯುವುದಿಲ್ಲ ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯನ್ನು ಗಟ್ಟಿ ಹಿಡಿಯುತ್ತವೆ. ಅದೇ ಬೋರ್ ನೀರಿನಲ್ಲಿ ಬೇಳೆ ಬೆಣ್ಣೆಯಾಗುತ್ತಿದೆ ಅಂದರೆ ಅವೆರಡೂ ಎಲ್ಲಿ ಹೋದವು? ನಲ್ಲಿಯ ಬಾಯಿಗೆ ಕಟ್ಟುತ್ತಿದ್ದ ಬಿಳಿ ಕರೆಯೂ ಕೆಲವು ತಿಂಗಳಿಂದ ಕಟ್ಟಿರಲಿಲ್ಲ, ನಾನು ಗಮನಿಸಿರಲಿಲ್ಲ.

ಕೆಳಗೆ ಹೋಗಿ ಕೇಳಿದೆ. ಬೇಸಿಗೆಗೆ ಮುಂಚೆ ಇಡೀ ಕಟ್ಟಡಕ್ಕೆ ಸಾಫ್ಟ್‌ನರ್ ಕೂರಿಸಿದ್ದರು. ಸಾಫ್ಟ್‌ನರ್ ಮಾಡುವ ಕೆಲಸ ಇಷ್ಟೇ: ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ರಾಳದ ಮಣಿಗಳಲ್ಲಿ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಟಿಡಿಎಸ್ ಮೀಟರ್ ಅಳೆಯುವುದು ನೀರು ವಿದ್ಯುತ್ ಎಷ್ಟು ಹರಿಸುತ್ತದೆ ಅನ್ನುವುದನ್ನು. ಆ ಕೆಲಸ ಮಾಡುತ್ತಿರುವುದು ಕ್ಯಾಲ್ಸಿಯಮ್ಮೋ ಸೋಡಿಯಮ್ಮೋ ಅದಕ್ಕೆ ಗೊತ್ತಿಲ್ಲ. ಮುಂಚೆಯೂ 480ರ ಆಸುಪಾಸು, ಈಗಲೂ ಅಷ್ಟೇ. ಪಿಎಚ್ ಕೂಡ ಕೆಳಗಿಳಿಯುವುದಿಲ್ಲ, ಏಕೆಂದರೆ ಬೈಕಾರ್ಬೊನೇಟ್ ಹಾಗೇ ಉಳಿಯುತ್ತದೆ. ನಾನು ನಂಬಿದ್ದ ಎರಡೂ ಅಂಕಿ ಸರಿಯಾಗಿಯೇ ಇದ್ದವು, ಚಿಪ್ಪಿಗೆ ಬೇಕಾದದ್ದು ಮಾತ್ರ ನೀರಿನಲ್ಲಿ ಇರಲಿಲ್ಲ.

ಮೂರೂ ಒಟ್ಟಿಗೆ ಸಾಯದೆ ಒಂದೊಂದಾಗಿ ಸತ್ತದ್ದೂ ಆಗ ಅರ್ಥವಾಯಿತು. ನಾನು ವಾರಕ್ಕೊಮ್ಮೆ ತಪ್ಪದೆ ಕಾಲು ಭಾಗ ನೀರು ಬದಲಿಸುತ್ತಿದ್ದೆ. ಲೆಕ್ಕ ಹಾಕಿದರೆ ಎಂಟು ವಾರ ಕಳೆಯುವಷ್ಟರಲ್ಲಿ ಹಳೆಯ ಗಡಸು ನೀರಿನಲ್ಲಿ ಹತ್ತನೇ ಒಂದು ಭಾಗ ಮಾತ್ರ ಉಳಿಯುತ್ತದೆ. ದೊಡ್ಡ ಕ್ರೇಫಿಶ್ ಪೊರೆ ಬಿಡುವುದು ವರ್ಷಕ್ಕೆ ಕೆಲವೇ ಸಲ. ಯಾವುದರ ಸರದಿ ಬಂತೋ ಅದು ಹೋಯಿತು.

ಪರೀಕ್ಷೆ ಸುಲಭ. ಜಿಎಚ್ (ನೀರಿನ ಒಟ್ಟು ಗಡಸುತನ) ಅಳೆಯುವ ಹನಿ ಕಿಟ್ ತನ್ನಿ. ಸಾಮಾನ್ಯ ಕಿಟ್‌ನಲ್ಲಿ 5 ಮಿಲಿ ನೀರಿಗೆ ಒಂದೊಂದೇ ಹನಿ ಹಾಕಬೇಕು, ಬಣ್ಣ ಕೆಂಪಿನಿಂದ ಹಸಿರಾಗುವವರೆಗೆ ಎಷ್ಟು ಹನಿಯೋ ಅಷ್ಟು ಡಿಗ್ರಿ. ಒಂದು ಡಿಗ್ರಿ ಅಂದರೆ ಲೀಟರಿಗೆ 17.9 ಮಿಲಿಗ್ರಾಂ ಗಡಸುತನ. ನನ್ನ ತೊಟ್ಟಿಯ ನೀರು ಮೊದಲ ಹನಿಗೇ ಹಸಿರಾಯಿತು. ಕಿಟ್ ಬರುವವರೆಗೆ ಕಾಯಲಾಗದಿದ್ದರೆ ಸೋಪಿನಲ್ಲಿ ನೋಡಬಹುದು. ಬಟ್ಟೆ ಪುಡಿ, ಶಾಂಪೂ ಆಗದು, ಹಳೆಯ ಕಾಲದ ಬಾರ್ ಸೋಪೇ ಬೇಕು. ಎರಡು ಬಾಟಲಿಯಲ್ಲಿ ತೊಟ್ಟಿಯ ನೀರು, ಲವಣ ಸೋಸಿ ತೆಗೆದ ಆರ್‌ಒ ನೀರು ಅರ್ಧರ್ಧ ತುಂಬಿ, ಚಿಟಿಕೆ ಸೋಪು ಹೆರೆದು ಹಾಕಿ ಕುಲುಕಿ. ಗಡಸು ನೀರಾದರೆ ನೊರೆ ಬರದೆ ಮೊಸರಿನಂಥ ಗಷ್ಟು ಕೂರುತ್ತದೆ. ತೊಟ್ಟಿಯ ನೀರು ಆರ್‌ಒ ನೀರಿನಷ್ಟೇ ನೊರೆ ಕೊಟ್ಟರೆ ನಿಮ್ಮ ಕ್ರೇಫಿಶ್‌ಗೆ ಕ್ಯಾಲ್ಸಿಯಂ ಸಿಗುತ್ತಿಲ್ಲ.

ಸರಿಪಡಿಸಿದ್ದು ಹೀಗೆ

ಪ್ಲಂಬರ್ ಒಂದು ಮಾತು ಹೇಳಿ ಅರ್ಧ ಕೆಲಸ ಮುಗಿಸಿದರು: “ಸಾರ್, ಗಿಡಕ್ಕೆ ಬಿಡೋ ಲೈನು ಸಾಫ್ಟ್‌ನರ್‌ಗೆ ಸೇರಿಲ್ಲ. ಅದು ನೇರ ಬೋರ್‌ದೇ.” ಆ ನಲ್ಲಿಯ ನೀರಿನ ಗಡಸುತನ 22 ಡಿಗ್ರಿ ಇತ್ತು. ಅದನ್ನೂ ಆರ್‌ಒ ನೀರನ್ನೂ ಸಮ ಸಮ ಬೆರೆಸಿದರೆ 11. ಪ್ರೊಕಾಂಬಾರಸ್ ಜಾತಿಗಳಿಗೆ 8ರಿಂದ 12 ಚೆನ್ನಾಗಿ ಹೊಂದುತ್ತದೆ. ಆರ್‌ಒ ನೀರೊಂದನ್ನೇ ಹಾಕುವವರಿಗೂ ಇದೇ ಮದ್ದು. ಅವರದ್ದೂ ಇದೇ ದೋಷ, ಟಿಡಿಎಸ್ ಕಡಿಮೆ ಇರುವುದರಿಂದ ಬೇಗ ಕಾಣುತ್ತದೆ ಅಷ್ಟೆ. ಬೋರ್ ನೀರಿನ ನೈಟ್ರೇಟ್ ಮಾತ್ರ ಮೊದಲೇ ನೋಡಿಕೊಳ್ಳಿ.

ಒಂದೇ ದಿನ ಬದಲಿಸಬೇಡಿ. ಗಡಸುತನ ಹಠಾತ್ತಾಗಿ ಏರಿದರೆ ಅದೇ ಒಂದು ಆಘಾತ. ನಾನು ಎರಡು ದಿನಕ್ಕೊಮ್ಮೆ ಹತ್ತನೇ ಒಂದು ಭಾಗದಂತೆ ಮೂರು ವಾರಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡೆ.

ಗಡಸು ನೀರು ಸಿಗದವರು ಶುದ್ಧ ಜಿಪ್ಸಂ ಬಳಸಬಹುದು. 50 ಲೀಟರಿಗೆ 6 ಗ್ರಾಂ ಹಾಕಿದರೆ ಗಡಸುತನ ಸುಮಾರು 4 ಡಿಗ್ರಿ ಏರುತ್ತದೆ. ಹಕ್ಕಿಗಳಿಗೆ ಕಟ್ಟುವ, ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರನೊರೆ ಅಂತ ಸಿಗುವ ಕಟಲ್‌ಬೋನನ್ನು ಎಲ್ಲರೂ ಹೇಳುತ್ತಾರೆ. ಕ್ರೇಫಿಶ್ ಅದನ್ನು ಕೆರೆದು ತಿಂದರೆ ಒಳ್ಳೆಯದೇ. ಆದರೆ ಸಾಫ್ಟ್‌ನರ್ ನೀರಿನ ಪಿಎಚ್ 8ಕ್ಕಿಂತ ಮೇಲಿರುವುದರಿಂದ ಅದು ಕರಗುವುದು ತೀರಾ ಕಡಿಮೆ. ಮೊಟ್ಟೆ ಚಿಪ್ಪು, ಹವಳದ ಚೂರು ಎಲ್ಲಕ್ಕೂ ಇದೇ ಮಾತು. ಎಲೆಯಡಿಕೆಯ ಸುಣ್ಣವನ್ನಂತೂ ಹಾಕಲೇಬೇಡಿ. ಅದೂ ಕ್ಯಾಲ್ಸಿಯಮ್ಮೇ ನಿಜ, ಆದರೆ ಪಿಎಚ್ಚನ್ನು ಒಂದೇ ಏಟಿಗೆ ಎಲ್ಲಿಗೋ ಒಯ್ದು ತೊಟ್ಟಿಯ ಎಲ್ಲ ಜೀವಗಳನ್ನೂ ಸುಡುತ್ತದೆ. ಅಂಗಡಿಯಲ್ಲಿ ಪೊರೆಯ ಸಮಸ್ಯೆಗೆ ಅಯೋಡಿನ್ ಬಾಟಲಿಯನ್ನೂ ಕೈಗಿಡುತ್ತಾರೆ. ಗಡಸುತನ ಸರಿಯಾಗುವವರೆಗೆ ಅದನ್ನು ಮುಟ್ಟಬೇಡಿ ಅನ್ನುವುದು ನನ್ನ ಸಲಹೆ. ನನಗೆ ಅದು ಬೇಕಾಗಲೇ ಇಲ್ಲ.

ಗಡಸುತನ ಸರಿಯಿದ್ದೂ ಪೊರೆ ಸಿಕ್ಕಿಕೊಳ್ಳುತ್ತಿದ್ದರೆ ಊಟ ನೋಡಿ. ದಿನಾ ಸಿಗಡಿ, ಹುಳ ಅಂತ ಬರೀ ಮಾಂಸ ಹಾಕುತ್ತಾ, ನೀರೂ 28 ಡಿಗ್ರಿ ಬೆಚ್ಚಗಿದ್ದರೆ ಮೈ ಬೇಗ ಬೇಗ ಬೆಳೆದು ಪೊರೆಗಳು ಒತ್ತೊತ್ತಾಗಿ ಬರುತ್ತವೆ. ರಸ್ತೆ ಬದಿಯ ಕಾಡುಬಾದಾಮಿ ಮರದ ಒಣಗಿ ಉದುರಿದ ಎಲೆ, ಬೇಯಿಸಿದ ಬಟಾಣಿ, ಹೀರೆಕಾಯಿ, ವಾರಕ್ಕೆ ಎರಡು ಸಲ ಮಾಂಸದ ತುಣುಕು ಸಾಕು.

ಮೊಟ್ಟೆ ಉದುರಿದರೆ, ಮರಿ ಕಾಣೆಯಾದರೆ

ಮೊಟ್ಟೆಯೇ ಆಗುತ್ತಿಲ್ಲ ಅನ್ನುವವರು ಮೊದಲು ಎರಡನ್ನೂ ಮಗುಚಿ ನೋಡಬೇಕು. ಪ್ರೊಕಾಂಬಾರಸ್ ಗಂಡಿಗೆ ಬಾಲದ ಬುಡದಲ್ಲಿ ಮುಂದಕ್ಕೆ ಚಾಚಿ ಮಲಗಿದ ಎರಡು ಗಟ್ಟಿ ಕಡ್ಡಿಗಳಿರುತ್ತವೆ. ಹೆಣ್ಣಿಗೆ ಕೊನೆಯ ಎರಡು ಜೊತೆ ಕಾಲುಗಳ ನಡುವೆ ಸಣ್ಣ ಗುಂಡಿಯಂಥ ಗುರುತು, ವೀರ್ಯವನ್ನು ಇಟ್ಟುಕೊಳ್ಳುವ ಚೀಲ. ಆಸ್ಟ್ರೇಲಿಯಾದ ರೆಡ್‌ಕ್ಲಾ ಜಾತಿಯಲ್ಲಿ ಬೆಳೆದ ಗಂಡಿನ ಇಕ್ಕಳದ ಹೊರ ಅಂಚಿನಲ್ಲೇ ಕೆಂಪು ಮೆತ್ತನೆ ಪಟ್ಟಿ ಕಾಣುತ್ತದೆ. ಒಂದೇ ಇದ್ದೂ ಮೊಟ್ಟೆಯಿಟ್ಟು ಮರಿಗಳಾದರೆ ಅದು ಮಾರ್ಬಲ್ಡ್ ಕ್ರೇಫಿಶ್ ಆಗಿರಬಹುದು. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಮೊದಲು ಕಂಡ ಈ ಜಾತಿಯಲ್ಲಿ ಎಲ್ಲವೂ ಹೆಣ್ಣು, ಗಂಡಿನ ಅಗತ್ಯವೇ ಇಲ್ಲ.

ಮೊಟ್ಟೆಯಿಡುವ ಮುಂಚೆ ಹೆಣ್ಣಿನ ಬಾಲದ ಅಡಿ ಬೆಳ್ಳಗಾಗುತ್ತದೆ. ಮೊಟ್ಟೆಗಳನ್ನು ಅಂಟಿಸಲು ತಯಾರಾಗುವ ಅಂಟು ಅದು. ಇಟ್ಟ ಮೇಲೆ ಬಾಲವನ್ನು ಬಟ್ಟಲಿನಂತೆ ಮಡಿಸಿಕೊಂಡು ಕೂರುತ್ತದೆ, ಆಗಾಗ ಬಿಡಿಸಿ ಈಜುಗಾಲುಗಳಿಂದ ಮೊಟ್ಟೆಗಳಿಗೆ ಗಾಳಿ ಬೀಸುತ್ತದೆ. ಬೆಳೆಯುತ್ತಿರುವ ಮೊಟ್ಟೆ ಗಾಢ ಕಪ್ಪು ಕಂದು. ಕಿತ್ತಳೆಗೆ ತಿರುಗಿ ಹತ್ತಿಯಂತೆ ಬೂಷ್ಟು ಹಿಡಿದವು ಫಲ ಕಟ್ಟದವು ಅಥವಾ ಸತ್ತವು. ಅಮ್ಮನೇ ಅವನ್ನು ಕಿತ್ತು ತೆಗೆಯುತ್ತದೆ. ಕೆಲವು ಉದುರಿದರೆ ಚಿಂತೆ ಬೇಡ. ಎಲ್ಲವೂ ಒಮ್ಮೆಲೇ ಉದುರಿದ್ದರೆ ಹೆಚ್ಚಾಗಿ ನಾವೇ ಕಾರಣ: ಬಲೆಯಲ್ಲಿ ಹಿಡಿದು ಬೇರೆ ತೊಟ್ಟಿಗೆ ಹಾಕಿರುತ್ತೇವೆ, ಇಲ್ಲವೇ ಗಂಡನ್ನು ಅಲ್ಲೇ ಬಿಟ್ಟಿರುತ್ತೇವೆ. ಹೆಣ್ಣನ್ನು ಕದಲಿಸದೆ ಗಂಡನ್ನು ತೆಗೆಯಿರಿ. 24, 25 ಡಿಗ್ರಿಯಲ್ಲಿ ಮೂರು ನಾಲ್ಕು ವಾರಕ್ಕೆ ಮರಿ ಒಡೆಯುತ್ತವೆ, ತಂಪಿದ್ದರೆ ಇನ್ನೂ ತಡ.

ಮರಿಗಳು ಎರಡು ಪೊರೆ ಕಳಚುವವರೆಗೆ ಅಮ್ಮನ ಬಾಲಕ್ಕೇ ಜೋತುಬಿದ್ದಿರುತ್ತವೆ. ಆಮೇಲೆ ಕೆಳಗಿಳಿದು ಓಡಾಡುತ್ತವೆ, ಮಾಯವಾಗುವುದೂ ಆಗಲೇ. ನನ್ನ ಹೆಣ್ಣಿನ ಮೊದಲ ಸಂಸಾರದಲ್ಲಿ ಎಣಿಸಲಾಗದಷ್ಟು ಮರಿಗಳಿದ್ದವು, ತಿಂಗಳ ಹೊತ್ತಿಗೆ ಉಳಿದದ್ದು ಹನ್ನೊಂದು. ಫಿಲ್ಟರ್ ನುಂಗಿದೆಯೋ ಅಂತ ಬಿಚ್ಚಿ ನೋಡಿದೆ, ಇರಲಿಲ್ಲ. ಒಂದನ್ನೊಂದು ತಿಂದಿದ್ದವು. ಮರಿಗಳು ವಾರಕ್ಕೊಮ್ಮೆಯಂತೆ ಪೊರೆ ಬಿಡುತ್ತವೆ. ಮೆತ್ತಗಾದದ್ದು ಪಕ್ಕದ್ದಕ್ಕೆ ಆಹಾರ. ನೀರಿನ ಕ್ಯಾಲ್ಸಿಯಂ ಇಲ್ಲೂ ಲೆಕ್ಕಕ್ಕೆ ಬರುತ್ತದೆ: ಚಿಪ್ಪು ಗಟ್ಟಿಯಾಗಲು ತಡವಾದಷ್ಟೂ ಸಿಕ್ಕಿಬೀಳುವ ಹೊತ್ತು ಹೆಚ್ಚು. ಮರಿಗಳು ಇಳಿದು ಓಡಾಡತೊಡಗಿದ ಕೂಡಲೇ ಅಮ್ಮನನ್ನು ಬೇರೆ ಮಾಡಿ. ಈರುಳ್ಳಿ ಬಲೆ ಚೀಲಗಳನ್ನು ತೊಳೆದು ಸುಕ್ಕುಸುಕ್ಕಾಗಿ ತುರುಕಿ, ಜಾವಾ ಮಾಸ್ ಅನ್ನುವ ನೀರುಪಾಚಿ ಗಿಡ ಹಾಕಿ, ಒಣ ಎಲೆಗಳನ್ನು ತಳಕ್ಕೆ ಹರಡಿ. ಹದಿನೈದು ದಿನಕ್ಕೊಮ್ಮೆ ದೊಡ್ಡವನ್ನು ಆರಿಸಿ ಬೇರೆ ಟಬ್ಬಿಗೆ ಹಾಕಿ.

ಹನ್ನೊಂದರಲ್ಲಿ ಎರಡನ್ನು ಇಟ್ಟುಕೊಂಡಿದ್ದೇನೆ. ಬೆರೆಸಿದ ನೀರಿನಲ್ಲಿ ಇದುವರೆಗೆ ಎರಡೂ ನಾಲ್ಕು ನಾಲ್ಕು ಸಲ ಪೊರೆ ಬಿಟ್ಟಿವೆ, ಇಕ್ಕಳ ಎಲ್ಲೂ ಸಿಕ್ಕಿಕೊಂಡಿಲ್ಲ.

ಹೆಚ್ಚಾದ ಮರಿಗಳ ವಿಷಯದಲ್ಲಿ ದಯವಿಟ್ಟು ಎಚ್ಚರ ವಹಿಸಿ. ಭಾರತದ ಕೆರೆ ಹೊಳೆಗಳಲ್ಲಿ ಕ್ರೇಫಿಶ್ ಸಹಜವಾಗಿ ಇಲ್ಲ. ಮಡಗಾಸ್ಕರಿನಲ್ಲಿ ಮಾರ್ಬಲ್ಡ್ ಕ್ರೇಫಿಶ್ ಈಗಾಗಲೇ ಹಬ್ಬಿದೆ. ಯುರೋಪಿಯನ್ ಒಕ್ಕೂಟ 2016ರಲ್ಲಿ ಅದನ್ನೂ ಕೆಂಪು ಪ್ರೊಕಾಂಬಾರಸ್ ಕ್ಲಾರ್ಕಿಯನ್ನೂ ಸಾಕುವುದು, ಮಾರುವುದು ಎರಡಕ್ಕೂ ನಿಷೇಧ ಹಾಕಿತು. ಸಾಕುವ ಒಬ್ಬರಿಗೆ ಕೊಡಿ, ಯಾರೂ ಸಿಗದಿದ್ದರೆ ಗಂಡು ಹೆಣ್ಣು ಬೇರೆ ಬೇರೆ ಇಟ್ಟು ಅಲ್ಲಿಗೇ ನಿಲ್ಲಿಸಿ. ತೊಟ್ಟಿ ತೊಳೆದ ನೀರನ್ನು ಸಣ್ಣ ಜಾಲರಿಯಲ್ಲಿ ಸೋಸಿ ಕುಂಡದ ಗಿಡಗಳಿಗೆ ಹಾಕಿ. ಕೆರೆಗೆ ಹೋಗುವ ರಾಜಕಾಲುವೆಗೆ ಚೆಲ್ಲಬೇಡಿ, ಒಂದು ಮರಿ ಅಕ್ಕಿ ಕಾಳಿನಷ್ಟೇ ಇರುತ್ತದೆ.